ಎಫ್‌ಸಿಯಲ್ಲಿ ಫೇಲ್ ಆದ ಹಳೇ ಸ್ವಿಫ್ಟ್ ತಗೋಬಹುದಾ?

ಪ್ರಶ್ನೆ: ಹರಿಹರದಲ್ಲಿ ಪರಿಚಯದವರ 2011ರ ಪೆಟ್ರೋಲ್ ಸ್ವಿಫ್ಟ್ ನೋಡಿದ್ದೇವೆ. 15 ವರ್ಷ ತುಂಬುತ್ತಿದೆ ಅಂತ ಆರ್‌ಸಿ ನವೀಕರಣಕ್ಕೆ ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಪರೀಕ್ಷೆಗೆ, ಗಾಡಿ ತೋರಿಸಿದ್ದರು, ಪಾಸಾಗಲಿಲ್ಲ. ಹ್ಯಾಂಡ್ ಬ್ರೇಕ್ ಹಿಡಿಯುತ್ತಿಲ್ಲ, ಎಡಗಡೆ ಹೆಡ್‌ಲೈಟ್ ಮಂಕು, ಸ್ಟೀರಿಂಗ್‌ನಲ್ಲಿ ಆಟ ಜಾಸ್ತಿ, ಮುಂದಿನ ಬಲಗಡೆ ಟೈರ್ ಒಳಗಿನ ಅಂಚಿನಲ್ಲಿ ಸವೆದಿದೆ ಅಂತ ಹೇಳಿದ್ದಾರೆ. ಎಮಿಷನ್ ಚೀಟಿಯಲ್ಲಿ ಎಚ್‌ಸಿ (ಉರಿಯದೆ ಹೊಗೆಯಲ್ಲಿ ಬರುವ ಪೆಟ್ರೋಲ್ ಅಂಶ) 340 ಬಂದಿದೆ. ‘ಎಲ್ಲಾ ಸಣ್ಣಪುಟ್ಟ ಕೆಲಸ, ಹದಿನೈದು ಸಾವಿರ ಕಮ್ಮಿ ಕೊಡಿ, ನೀವೇ ಮಾಡಿಸ್ಕೊಳ್ಳಿ’ ಅಂತಿದ್ದಾರೆ. ತಗೋಬಹುದಾ ಸರ್?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಈ ಐದರಲ್ಲಿ ಮೂರು ನಿಜಕ್ಕೂ ಸಣ್ಣವು. ಸ್ಟೀರಿಂಗ್ ಮತ್ತು ಟೈರ್ ಮಾತ್ರ ಹಾಗಲ್ಲ. ಅವೆರಡೂ ಒಂದೇ ಕಾಯಿಲೆಯ ಗುರುತು ಇರಬಹುದು. ಗಾಡಿ ತಗೊಳ್ಳೋದು ಬಿಡೋದು ಅದರ ಮೇಲೇ ತೀರ್ಮಾನ ಮಾಡಿ.

ಸ್ಟೀರಿಂಗ್ ಆಟಕ್ಕೆ, ಅಂದರೆ ಚಕ್ರ ತಿರುಗದೆ ಸ್ಟೀರಿಂಗ್ ಮಾತ್ರ ಸುಮ್ಮನೆ ತಿರುಗುವುದಕ್ಕೆ, ನಿಯಮ 30 ಡಿಗ್ರಿವರೆಗೆ ಅವಕಾಶ ಕೊಡುತ್ತದೆ. ಅದೇ ಸಾಕಷ್ಟು ಸಡಿಲ. ಅದನ್ನೂ ಮೀರಿದೆ ಅಂದರೆ ಗಾಡಿಯನ್ನು ಬಹಳ ದಿನದಿಂದ ಯಾರೂ ಗಮನಿಸಿಲ್ಲ ಅಂತಲೇ ಅರ್ಥ. ಹಳೇ ಸ್ವಿಫ್ಟ್‌ಗಳಲ್ಲಿ ಮುಂದಿನ ಚಕ್ರವನ್ನು ಹಿಡಿದು ತಿರುಗಿಸುವ ಭಾಗಗಳಾದ ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಸವೆಯುವುದು ಮಾಮೂಲು. ಹಳ್ಳಿ ರಸ್ತೆಯ ಗುಂಡಿಗಳಲ್ಲಿ ಓಡಿದ್ದರೆ ಇನ್ನೂ ಬೇಗ. ಮೆಕ್ಯಾನಿಕ್‌ಗೆ ಹೇಳಿ ಮುಂದಿನ ಚಕ್ರವನ್ನು ಜಾಕ್ ಮೇಲೆ ಎತ್ತಿಸಿ. ಚಕ್ರದ ಎಡಬಲ ಹಿಡಿದು ಅಲ್ಲಾಡಿಸಿದಾಗ ಸಡಿಲ ಕಂಡರೆ ಟೈ ರಾಡ್ ಅಥವಾ ಸ್ಟೀರಿಂಗ್ ರ‍್ಯಾಕ್ ಕಡೆ ನೋಡಬೇಕು. ಮೇಲೆ ಕೆಳಗೆ ಹಿಡಿದಾಗ ಅಲ್ಲಾಡಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ರ‍್ಯಾಕ್ ಒಂದು ಬಿಟ್ಟರೆ ಉಳಿದವು ಕೈಗೆಟುಕುವ ಖರ್ಚಿನವು.

ನನಗೆ ಜಾಸ್ತಿ ಯೋಚನೆ ಆಗೋದು ಆ ಟೈರಿನದು. ಒಂದೇ ಕಡೆ, ಅದೂ ಒಳಅಂಚು ಮಾತ್ರ ಸವೆದಿದೆ ಅಂದರೆ ಆ ಚಕ್ರ ನೆಟ್ಟಗೆ ನಿಂತಿಲ್ಲ. ಸವೆದ ಬುಷ್‌ನಿಂದಲೂ ಹೀಗಾಗುತ್ತದೆ. ಹಿಂದೆ ಎಲ್ಲೋ ಬಲವಾಗಿ ಗುದ್ದಿ ಬಾಡಿ ಬಾಗಿದ್ದರೂ ಹೀಗೇ ಆಗುತ್ತದೆ. ಬಾನೆಟ್ ಎತ್ತಿ ಬಲಗಡೆ ಶಾಕ್ ಅಬ್ಸಾರ್ಬರ್ ಕೂರುವ ಜಾಗವನ್ನು ಎಡಗಡೆಯದಕ್ಕೆ ಹೋಲಿಸಿ ನೋಡಿ. ವೆಲ್ಡಿಂಗ್ ಗುರುತು, ಹೊಸ ಪೇಂಟ್, ತಟ್ಟಿ ಸರಿಮಾಡಿದ ಸುಕ್ಕು ಕಂಡರೆ ಅಲ್ಲಿಗೇ ಕೈಬಿಡಿ. ಏನೂ ಕಾಣದಿದ್ದರೆ ಸವೆದ ಭಾಗಗಳನ್ನು ಮಾರುವವರಿಂದಲೇ ಹಾಕಿಸಿ, ಕಂಪ್ಯೂಟರ್ ಅಲೈನ್‌ಮೆಂಟ್ ಮಾಡಿಸಿ, ಆ ಚೀಟಿ ಕೇಳಿ. ಹೊಸ ಭಾಗ ಹಾಕಿದ ಮೇಲೂ ಬಲಗಡೆಯ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ) ಅಳತೆ ಮಿತಿಯೊಳಗೆ ಬರದಿದ್ದರೆ ಆ ಗಾಡಿ ಬೇಡವೇ ಬೇಡ, ಎಷ್ಟು ಕಡಿಮೆಗೆ ಕೊಟ್ಟರೂ.

ಇನ್ನು ಎಚ್‌ಸಿ. 1.2 ಲೀಟರ್ ಕೆ-ಸೀರೀಸ್ ಎಂಜಿನ್‌ನ ಈ ಸ್ವಿಫ್ಟ್ ಬಿಎಸ್-4 (ಹೊಗೆಯ ಮಾನದಂಡ) ಗಾಡಿ. ಎಚ್‌ಸಿ ಮಿತಿ 200 ಪಿಪಿಎಂ (ಹತ್ತು ಲಕ್ಷದಲ್ಲಿ 200 ಪಾಲು), ಸಿಒ ಅಂದರೆ ಕಾರ್ಬನ್ ಮಾನಾಕ್ಸೈಡ್ ಮಿತಿ 0.3 ಪರ್ಸೆಂಟ್. ಸಿಒ ಸರಿಯಿದ್ದು ಎಚ್‌ಸಿ ಮಾತ್ರ ಏರಿದ್ದರೆ ಪೆಟ್ರೋಲ್ ಪೂರ್ತಿ ಉರಿಯುತ್ತಿಲ್ಲ. ಮೊದಲು ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ನೋಡಿಸಿ. ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ. ತಣ್ಣಗಿರುವ ಗಾಡಿಯನ್ನು ನೇರ ಎಮಿಷನ್ ಸೆಂಟರ್‌ಗೆ ಒಯ್ದರೂ ಅಂಕಿ ಏರುತ್ತದೆ, ಯಾಕಂದ್ರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾದ ಮೇಲೆ ಮಾತ್ರ ಸರಿಯಾಗಿ ಕೆಲಸ ಮಾಡೋದು. ಹರಿಹರದಿಂದ ದಾವಣಗೆರೆಗೆ ಹೈವೇಯಲ್ಲಿ ಓಡಿಸಿಕೊಂಡು ಬಂದು ಆಮೇಲೆ ತೋರಿಸಿ. ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೆ ಮಾತ್ರ ಹುಷಾರು. ಎಂಜಿನ್ ಆಯಿಲ್ ಸುಡುತ್ತಿದೆ.

ಹ್ಯಾಂಡ್ ಬ್ರೇಕ್ ಹಿಂದಿನ ಡ್ರಮ್‌ಗಳ ಕೆಲಸ. ಶೂ ಸವೆದಿರುತ್ತದೆ, ಇಲ್ಲವೇ ಕೇಬಲ್ ಸಡಿಲವಾಗಿರುತ್ತದೆ. ಡ್ರಮ್ ಬಿಚ್ಚಿದಾಗ ವೀಲ್ ಸಿಲಿಂಡರ್‌ನಿಂದ ಬ್ರೇಕ್ ಆಯಿಲ್ ಒಸರಿದೆಯಾ ಅಂತ ನೋಡಿಸಿ. ಹೆಡ್‌ಲೈಟ್ ಗಾಜಿನ ಹಳದಿ ಪಾಲಿಶ್‌ಗೆ ಹೋಗುತ್ತದೆ. ಬೆಳಕು ಸಾಲದು ಅಂತ ಕಣ್ಣು ಕುಕ್ಕುವ ಎಲ್‌ಇಡಿ ಬಲ್ಬ್ ಹಾಕಿಸಬೇಡಿ, ಎದುರಿನವರ ಜೀವದ ಪ್ರಶ್ನೆ ಅದು.

ಒಂದು ಮಾತು ದಯವಿಟ್ಟು ಗಮನಿಸಿ. ಎಫ್‌ಸಿ ಪಾಸಾಯಿತು ಅಂದರೆ ಎಂಜಿನ್ ಚೆನ್ನಾಗಿದೆ ಅಂತಲ್ಲ. ಕ್ಲಚ್, ಗೇರ್ ಬಾಕ್ಸ್, ಎಸಿಯನ್ನು ಅಲ್ಲಿ ಬಿಚ್ಚಿ ನೋಡುವುದಿಲ್ಲ. ಬೆಳಿಗ್ಗೆ ಹೋಗಿ, ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿರಿ. ಈ ಎಂಜಿನ್‌ನಲ್ಲಿ ಇರುವುದು ಟೈಮಿಂಗ್ ಚೈನ್. ಆಯಿಲ್ ಸಮಯಕ್ಕೆ ಬದಲಾಯಿಸದ ಗಾಡಿಯಲ್ಲಿ ತಣ್ಣನೆ ಸ್ಟಾರ್ಟ್‌ಗೆ ಚೈನ್ ಸದ್ದು ಕೇಳಿಸಬಹುದು. ಮ್ಯಾಟ್ ಎತ್ತಿ ತುಕ್ಕು ನೋಡಿ.

ಹದಿನೈದು ಸಾವಿರದ ಲೆಕ್ಕಕ್ಕೆ ಒಪ್ಪಬೇಡಿ. ರಿಪೇರಿಯೂ ನವೀಕರಣವೂ ಅವರ ಹೆಸರಲ್ಲೇ ಮುಗಿಯಲಿ, ಆಮೇಲೆ ಪೂರ್ತಿ ದುಡ್ಡು ಕೊಡಿ. ಅದಕ್ಕಾಗಿ ಹತ್ತು ಸಾವಿರ ಜಾಸ್ತಿ ಕೇಳಿದರೂ ಕೊಡಬಹುದು. ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5000 ರೂಪಾಯಿ, ಹಸಿರು ತೆರಿಗೆ ಬೇರೆ. ಅವಧಿ ಮುಗಿಯುವ 60 ದಿನ ಮುಂಚೆಯಿಂದ ಅರ್ಜಿ ಹಾಕಬಹುದು. ತಡವಾದರೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. ನವೀಕರಣ ಆದರೆ ಐದು ವರ್ಷ ನಡೆಯುತ್ತದೆ. ಸಾಲದ ನಮೂದು ಆರ್‌ಸಿಯಲ್ಲಿ ಉಳಿದಿದೆಯಾ, ಬಾಕಿ ದಂಡ ಇದೆಯಾ ಅನ್ನೋದನ್ನೂ ನೋಡಿಕೊಳ್ಳಿ. ಗಾಡಿ ನಿಮ್ಮದಾದ 14 ದಿನದೊಳಗೆ ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ.

ಪ್ರಶ್ನೆ: ನಮ್ಮ ಹಳೇ ಕಾರು ಎಫ್‌ಸಿ ಪಾಸಾಗಿದೆ. ಟೈರ್ ಬಟನ್ (ಮೇಲಿನ ಗೀರು) ಚೆನ್ನಾಗಿದೆ, ಆದರೆ 2016ರಲ್ಲಿ ತಯಾರಾದದ್ದು. ಬೇಸಿಗೆಯಲ್ಲಿ ಹೊಸಪೇಟೆಗೆ ಹೋಗಬಹುದಾ?
– ಓದುಗರು, ಚಿತ್ರದುರ್ಗ

ಉತ್ತರ: ಬೇಡ, ಬದಲಾಯಿಸಿಕೊಂಡು ಹೋಗಿ. ಪರೀಕ್ಷೆಯಲ್ಲಿ ನೋಡೋದು ಮುಖ್ಯವಾಗಿ ಬಟನ್ ಆಳ. ಕಾರಿಗೆ 1.6 ಮಿ.ಮೀ. ಇದ್ದರೆ ಸಾಕು. ರಬ್ಬರ್ ಒಳಗೊಳಗೇ ಗಟ್ಟಿಯಾಗಿ ಬಿರಿಯುವುದು ಬೇರೆ ವಿಷಯ. ಹೆಚ್ಚು ಓಡದೆ ನಿಂತ ಗಾಡಿಯಲ್ಲೂ ಅದು ಆಗುತ್ತದೆ. ಮನೆಮಂದಿಯೆಲ್ಲ ಕೂತು, ಲಗೇಜ್ ಹೇರಿ, ಬಿಸಿಲಲ್ಲಿ ಹೈವೇ ಮೇಲೆ ಹೋಗುವಾಗ ಅಂಥ ಟೈರ್ ಒಡೆಯುವ ಅಪಾಯ ಜಾಸ್ತಿ. ಸ್ಟೆಪ್ನಿ ಮೇಲಿನ ನಾಲ್ಕು ಅಂಕಿಯನ್ನೂ ನೋಡಿ: 2316 ಅಂದರೆ 2016ರ 23ನೇ ವಾರ. ನಾಲ್ಕನ್ನೂ ಒಟ್ಟಿಗೆ ಹಾಕಿಸಲು ಆಗದಿದ್ದರೆ ಎರಡು ಹಾಕಿಸಿ ಹತ್ತಿರದ ಓಡಾಟ ಮಾತ್ರ ಇಟ್ಟುಕೊಳ್ಳಿ, ಹೊಸಪೇಟೆಗೆ ಸದ್ಯ ಬಸ್ಸಿಗೆ ಹೋಗಿಬನ್ನಿ.