ಓದುಗರ ಪ್ರಶ್ನೆ, ನಮ್ಮ ಉತ್ತರ: ಮಕ್ಕಳ ಆಟದ ಹಿಟ್ಟನ್ನು ಮನೆಯಲ್ಲೇ ಮಾಡಬೇಕೆ?

ಪ್ರಶ್ನೆ: ನಮ್ಮದು ತೋಟದ ಮನೆ. ನಾಲ್ಕು ವರ್ಷದ ಮಗಳಿಗೆ ಬಣ್ಣದ ಕ್ಲೇಯಲ್ಲಿ ಆನೆ, ಹಾವು, ರೊಟ್ಟಿ ಮಾಡುವುದೆಂದರೆ ಪ್ರಾಣ. ಶಿವಮೊಗ್ಗದಿಂದ ತಂದ ಡಬ್ಬಿಗಳು ಒಂದು ರಾತ್ರಿ ಮುಚ್ಚಳ ಹಾಕಲು ಮರೆತರೂ ಗಟ್ಟಿಯಾಗುತ್ತವೆ. ವಿಡಿಯೊ ನೋಡಿ ಮೈದಾಕ್ಕೆ ಅಂದಾಜಿನಲ್ಲಿ ಉಪ್ಪು ಸೇರಿಸಿ ನೀರಿನಲ್ಲಿ ಕಲಸಿ ಕೊಟ್ಟೆ. ಪುನರ್ವಸು ಮಳೆಯ ಥಂಡಿಗೆ ಎರಡೇ ದಿನದಲ್ಲಿ ಬೆವರಿ, ಕೈಗೆ ಅಂಟಿ, ಹುಳಿ ವಾಸನೆ ಬಂತು. ತಿನ್ನುವ ಹಿಟ್ಟನ್ನು ಆಟಕ್ಕೆ ಕೊಡಬಾರದೆಂದು ಅತ್ತೆಯವರ ಆಕ್ಷೇಪ ಬೇರೆ. ಇಷ್ಟು ಶ್ರಮಪಡುವುದರಲ್ಲಿ ಪ್ರಯೋಜನವಿದೆಯೇ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬೇಯಿಸಿ ಮಾಡುವುದಾದರೆ ಪ್ರಯೋಜನವಿದೆ, ಹಸಿ ಹಿಟ್ಟನ್ನು ಕಲಸಿ ಕೊಡುವುದಾದರೆ ಇಲ್ಲ. ನೀವು ಪಟ್ಟ ತೊಂದರೆಯ ಬಹುಪಾಲು ಈ ಒಂದು ವ್ಯತ್ಯಾಸದಿಂದಲೇ ಬಂದಿದೆ.

ಬೇಯಿಸುವ ಕ್ರಮವನ್ನು ಮಲೆನಾಡಿನ ಅಡುಗೆಮನೆಗೆ ಹೊಸದಾಗಿ ಕಲಿಸಬೇಕಾಗಿಲ್ಲ, ಏಕೆಂದರೆ ಅಕ್ಕಿ ರೊಟ್ಟಿಗೂ ಕಡುಬಿಗೂ ಹಿಟ್ಟನ್ನು ನೀರಿನಲ್ಲಿ ಬೇಯಿಸಿ ಮುದ್ದೆ ಮಾಡಿಕೊಳ್ಳುವ ಕೆಲಸವೇ ಇಲ್ಲಿಯೂ ನಡೆಯುವುದು. ಒಂದು ಲೋಟ ಮೈದಾ, ಅರ್ಧ ಲೋಟ ಪುಡಿ ಉಪ್ಪು, ಒಂದು ಲೋಟ ನೀರು, ಒಂದು ದೊಡ್ಡ ಚಮಚ ಎಣ್ಣೆ ಮತ್ತು ಅಷ್ಟೇ ನಿಂಬೆರಸವನ್ನು ದಪ್ಪ ತಳದ ಬಾಣಲೆಯಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಿದ್ದರೆ, ಸ್ವಲ್ಪ ಹೊತ್ತಿನಲ್ಲಿ ಅದು ತಳ ಬಿಟ್ಟು ಒಂದೇ ಉಂಡೆಯಾಗಿ ಸಟ್ಟುಗಕ್ಕೆ ಸುತ್ತಿಕೊಳ್ಳುತ್ತದೆ. ಇಳಿಸಿ, ಕೈ ತಾಳುವಷ್ಟು ಬಿಸಿಯಿರುವಾಗಲೇ ಚೆನ್ನಾಗಿ ನಾದಬೇಕು. ವಿದೇಶಿ ಪಾಕವಿಧಾನಗಳಲ್ಲಿ ಬರುವ ಕ್ರೀಮ್ ಆಫ್ ಟಾರ್ಟರ್ ಹುಳಿ ಗುಣದ ಒಂದು ಲವಣ. ಅದನ್ನು ಹುಡುಕಿಕೊಂಡು ಶಿವಮೊಗ್ಗದವರೆಗೆ ಹೋಗುವ ಅಗತ್ಯವಿಲ್ಲ, ನಿಂಬೆರಸವೇ ಸಾಕು.

ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹಿಟ್ಟಿನಲ್ಲಿರುವ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಅಂಟಿನಂತಾಗುತ್ತವೆ ಮತ್ತು ಆ ನೀರನ್ನು ತಮ್ಮೊಳಗೇ ಹಿಡಿದಿಡುತ್ತವೆ. ಹಸಿ ಮೈದಾದಲ್ಲಿ ಹಿಟ್ಟನ್ನು ಕೂಡಿಸಿ ಹಿಡಿಯುವುದು ಗ್ಲೂಟೆನ್ ಎಂಬ ಪ್ರೋಟೀನಿನ ಜಾಲ ಮಾತ್ರ. ಅದು ಎಳೆದಷ್ಟೂ ಹಿಂದಕ್ಕೆ ಸರಿಯುವುದರಿಂದ ಮಗು ಉದ್ದಕ್ಕೆ ಹೊಸೆದ ಸೊಂಡಿಲು ಮತ್ತೆ ಮೊಟಕಾಗುತ್ತದೆ. ಬೆಂದ ಹಿಟ್ಟಿನಲ್ಲಿ ಈ ಸೆಳೆತ ಉಳಿಯುವುದಿಲ್ಲವಾದ್ದರಿಂದ ಮಾಡಿದ ಆಕಾರ ಹಾಗೆಯೇ ನಿಲ್ಲುತ್ತದೆ. ಹಸಿ ಹಿಟ್ಟಿನಲ್ಲಿ ರೋಗಕಾರಕ ಸೂಕ್ಷ್ಮಾಣುಗಳೂ ಇರಬಹುದು. ಬಾಯಿಗೆ ಕೈ ಹಾಕುವ ವಯಸ್ಸಿನ ಮಕ್ಕಳಿರುವ ಮನೆಯಲ್ಲಿ ಬೇಯಿಸಲು ಇದೊಂದೇ ಕಾರಣ ಸಾಕು.

ಹುಳಿ ವಾಸನೆ ಬಂದಿತೆಂದರೆ ಉಪ್ಪು ಕಡಿಮೆಯಾಗಿತ್ತೆಂದೇ ತಿಳಿಯಬೇಕು. ಮೇಲೆ ಹೇಳಿದ ಅಳತೆಯಲ್ಲಿ ಉಪ್ಪು ಲೋಟದ ಲೆಕ್ಕಕ್ಕೆ ಹಿಟ್ಟಿನ ಅರ್ಧದಷ್ಟಿದ್ದರೂ ತೂಕದಲ್ಲಿ ಸರಿಸುಮಾರು ಹಿಟ್ಟಿನಷ್ಟೇ ಇರುತ್ತದೆ, ಮತ್ತು ಹಿಟ್ಟು ಕೆಡದಂತೆ ಕಾಯುವುದು ಅದೇ. ಆದರೆ ಬೆವರಿದ್ದಕ್ಕೆ ಕಾರಣ ನಮ್ಮ ಹವೆ. ಗಾಳಿಯ ತೇವಾಂಶ ಶೇಕಡಾ 75ನ್ನು ಮೀರಿದರೆ ಉಪ್ಪು ತಾನಾಗಿಯೇ ನೀರನ್ನು ಎಳೆದುಕೊಂಡು ಕರಗತೊಡಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿಯ ತಳದಲ್ಲಿ ನೀರು ನಿಲ್ಲುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯ ಆಸುಪಾಸಿನಲ್ಲಿ, ಒಣ ಊರಿನವರು ವಿಡಿಯೊದಲ್ಲಿ ಹೇಳುವ ‘ತಿಂಗಳುಗಟ್ಟಲೆ ಬಾಳಿಕೆ’ಯನ್ನು ನಂಬಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಲು ಲೋಟ ಹಿಟ್ಟಿನಲ್ಲಿ, ವಾರಕ್ಕೆ ಸಾಕಾಗುವಷ್ಟು ಮಾತ್ರ ಮಾಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಬೂಸ್ಟು ಕಂಡರೆ ಆ ಭಾಗವನ್ನಷ್ಟೇ ಕಿತ್ತು ಉಳಿದದ್ದನ್ನು ಬಳಸದೆ ಪೂರ್ತಿ ಎಸೆಯಿರಿ.

ಬಣ್ಣದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಅರಿಸಿನವನ್ನು ಬೇಯಿಸುವಾಗಲೇ ಹಾಕಬಹುದು, ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ ಅಷ್ಟೆ. ಬೀಟ್‌ರೂಟ್ ರಸ ಶಾಖಕ್ಕೆ ಕಂದುವುದರಿಂದ ಅದನ್ನು ಹಿಟ್ಟು ಆರಿದ ಮೇಲೆ ಸೇರಿಸಬೇಕು.

ಮನೆಯಲ್ಲೇ ಮಾಡಿದ್ದು, ತಿಂದರೂ ಏನಾಗುವುದಿಲ್ಲ ಎಂಬ ಮಾತು ಮಾತ್ರ ಸರಿಯಲ್ಲ. ಸುಲಿದ ಅಡಿಕೆಯ ಗಾತ್ರದ ಒಂದು ಉಂಡೆಯಲ್ಲಿ ಸುಮಾರು 3 ಗ್ರಾಂ ಉಪ್ಪು ಇರುತ್ತದೆ; ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ ಹೇಳಿರುವುದೇ 5 ಗ್ರಾಂಗಿಂತ ಕಡಿಮೆ. ನಾಲಿಗೆಗೆ ತಾಗಿದ ಕೂಡಲೇ ಹೆಚ್ಚಿನ ಮಕ್ಕಳು ಉಗುಳುತ್ತಾರೆ, ಆದರೂ ಎಲ್ಲವನ್ನೂ ನುಂಗಿ ನೋಡುವ ಕೂಸುಗಳ ಕೈಗೆ ಇದನ್ನು ಕೊಡಬಾರದು. ಜಗುಲಿಯಲ್ಲಿ ಬಿಟ್ಟ ಮುದ್ದೆಯನ್ನು ನಾಯಿ ತಿಂದರೆ ಅದರ ಪ್ರಾಣಕ್ಕೇ ಅಪಾಯವಾಗಬಹುದು. ಇಂಬಳ ಕಚ್ಚಿದ ಜಾಗವನ್ನು ಕೆರೆದು ಗಾಯ ಮಾಡಿಕೊಂಡ ಮಗುವಿಗೆ ಈ ಹಿಟ್ಟು ಚುರುಗುಟ್ಟುತ್ತದೆ, ಹಾಗಾಗಿ ಆ ದಿನ ಬೇರೆ ಆಟ ಹುಡುಕಿ. ಗೋಧಿ ಒಗ್ಗದ ಮಕ್ಕಳಿಗೆ ಮೈದಾದ ಬದಲು ಅಕ್ಕಿಹಿಟ್ಟನ್ನು ಇದೇ ಕ್ರಮದಲ್ಲಿ ಬೇಯಿಸಬಹುದು. ತಣ್ಣಗಾದ ರೊಟ್ಟಿ ಹಿಟ್ಟಿನ ಹಾಗೆ ಅದು ಬೇಗ ಬಿರಿಯುತ್ತದೆ, ಎಣ್ಣೆ ಕೈಯಲ್ಲಿ ಮತ್ತೆ ಮತ್ತೆ ನಾದಬೇಕಾಗುತ್ತದೆ.

ಅಂಗಡಿಯ ಸರಕನ್ನು ನಾನು ಹಳಿಯುವುದಿಲ್ಲ. ಜಗತ್ತಿನಾದ್ಯಂತ ಹೆಸರಾದ ಪ್ಲೇ-ಡೋ ಕೂಡ ಮುಖ್ಯವಾಗಿ ಹಿಟ್ಟು, ಉಪ್ಪು, ನೀರಿನದೇ. ಅಮೆರಿಕದ ಸಿನ್ಸಿನಾಟಿಯಲ್ಲಿ ಅದು ಹುಟ್ಟಿದ್ದು ಗೋಡೆಯ ಕಾಗದಕ್ಕೆ ಹಿಡಿದ ಕಲ್ಲಿದ್ದಲ ಮಸಿಯನ್ನು ಒರೆಸುವ ಮುದ್ದೆಯಾಗಿ. ಕಲ್ಲಿದ್ದಲ ಒಲೆಗಳು ಕಡಿಮೆಯಾಗಿ ಆ ವ್ಯಾಪಾರ ಕುಸಿದ ಮೇಲೆ, 1956ರಲ್ಲಿ ಮಕ್ಕಳ ಆಟಿಕೆಯಾಗಿ ಮಾರಾಟಕ್ಕೆ ಬಂತು. ಕೊಳ್ಳುವುದಾದರೆ ಐಎಸ್‌ಐ ಗುರುತು ನೋಡಿ ಕೊಳ್ಳಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಅದು ಕಡ್ಡಾಯವಾಗಿದೆ. ಮನೆಯ ಹಿಟ್ಟಿಗೆ ಇಪ್ಪತ್ತು ರೂಪಾಯಿಯ ಒಳಗೆ ಖರ್ಚು ಮುಗಿಯುತ್ತದೆ ನಿಜ, ಆದರೆ ನಿಮ್ಮ ಅರ್ಧ ಗಂಟೆಗೂ ಬೆಲೆಯಿರುವುದರಿಂದ ಉಳಿತಾಯವನ್ನು ನಾನು ದೊಡ್ಡದಾಗಿ ಎಣಿಸುವುದಿಲ್ಲ. ಅಳೆಯುವುದು, ಕದಡುವುದು, ಆರಿದ ಮೇಲೆ ನಾದುವುದು ಇವುಗಳಲ್ಲಿ ಮಗಳನ್ನೂ ಸೇರಿಸಿಕೊಂಡರೆ ಆ ಅರ್ಧ ಗಂಟೆಯೂ ಆಟದೊಳಗೇ ಸೇರುತ್ತದೆ. ನನ್ನ ಮಟ್ಟಿಗೆ ಶ್ರಮ ಸಾರ್ಥಕವಾಗುವುದು ಅಲ್ಲಿ. ಅವಳು ಮಲಗಿದ ಮೇಲೆ ನೀವೊಬ್ಬರೇ ನಿಂತು ಮಾಡುವುದಾದರೆ ಡಬ್ಬಿ ಕೊಳ್ಳುವುದೇ ಮೇಲು.

ಅತ್ತೆಯವರ ಆಕ್ಷೇಪವನ್ನು ಹಳೆಯ ಕಾಲದ ಮಾತೆಂದು ತಳ್ಳಿಹಾಕಬೇಡಿ. ಹುಳು ಹಿಡಿದು ಅಡುಗೆಗೆ ಬಾರದ ಮೈದಾವನ್ನು ಜರಡಿ ಹಿಡಿದು ಬಳಸಿದರೆ ಅವರೂ ಒಪ್ಪಬಹುದು. ಒಪ್ಪದಿದ್ದರೆ ಜೇಡಿಮಣ್ಣು ಇದ್ದೇ ಇದೆ. ಅದರ ಬಗ್ಗೆ ಮುಂದಿನ ಪ್ರಶ್ನೆಯ ಉತ್ತರವನ್ನು ನೋಡಿ.

ಪ್ರಶ್ನೆ: ಅಂಗನವಾಡಿಯ ಇಪ್ಪತ್ತೈದು ಮಕ್ಕಳಿಗೂ ಇಂಥದೇ ಹಿಟ್ಟು ಮಾಡಿಕೊಡಬಹುದೇ?
– ಕಾರ್ಯಕರ್ತೆಯೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಬೇಡ. ಒಂದೇ ಮುದ್ದೆ ಅಷ್ಟು ಕೈಗಳಲ್ಲಿ ಓಡಾಡಿದರೆ ನೆಗಡಿಯೂ ಅದರ ಜೊತೆಗೆ ಓಡಾಡುತ್ತದೆ, ಬೇರೆ ಬೇರೆ ಉಂಡೆ ಕಟ್ಟಿಡಲು ನಿಮಗೆ ಪುರುಸೊತ್ತಿರುವುದಿಲ್ಲ. ಚೌತಿಯ ಮುಂಚೆ ಗಣಪತಿ ಮಾಡುವವರ ಬಳಿ ಹದಮಾಡಿದ ಜೇಡಿಮಣ್ಣು ಸಿಗುತ್ತದೆ, ಕೇಳಿ ತನ್ನಿ. ಹುತ್ತದ ಮಣ್ಣಿಗೆ ಕೈ ಹಾಕುವುದು ಬೇಡ. ಊರವರ ಭಕ್ತಿಗೂ ಹಾವಿನ ಭಯಕ್ಕೂ ಅದನ್ನು ಬಿಟ್ಟುಬಿಡುವುದೇ ಸರಿ. ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿಟ್ಟ ಮಣ್ಣು ವಾರಗಟ್ಟಲೆ ಮೆತ್ತಗಿರುತ್ತದೆ, ಒಣಗಿದರೂ ನೆನೆಸಿ ತುಳಿದರೆ ಮತ್ತೆ ಹದಕ್ಕೆ ಬರುತ್ತದೆ. ಆಟವಾದ ಮೇಲೆ ಸೋಪು ಹಾಕಿ ಕೈ ತೊಳೆಸಿ, ಉಗುರಿನ ಸಂದಿಯನ್ನೂ ನೋಡಿ. ಮಕ್ಕಳು ಮಾಡಿದ ಗೊಂಬೆಗಳನ್ನು ಒಲೆಯ ಪಕ್ಕದಲ್ಲಿಟ್ಟರೆ ಬಿರಿಯುತ್ತವೆ. ನೆರಳಿನಲ್ಲಿ, ಗಾಳಿಯಾಡುವ ಕಡೆ ನಿಧಾನವಾಗಿ ಒಣಗಲು ಬಿಡಿ.