ಒಂದಿಂಚಿನ ಸೈನಿಕರು: ಓದುಗರ ಪ್ರಶ್ನೆ, ಕಾಕಾನ ಉತ್ತರ

ಹೋದ ತಿಂಗಳು ಈ ಅಂಕಣದಲ್ಲಿ ನನ್ನ ಮೇಜಿನ ಮೇಲಿರುವ, ನಾನು ಬಣ್ಣ ಹಚ್ಚುವ ಪುಟ್ಟ ಸೈನಿಕ ಗೊಂಬೆಗಳ ಬಗ್ಗೆ ಸುಮ್ನೆ ನಾಲ್ಕು ಸಾಲು ಬರೆದಿದ್ದೆ. ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೊಸದಾಗಿ ಓದುವವರಿಗೆ ಎರಡು ಮಾತು. ನಾನು ಧಾರವಾಡದವನು. 1981ರಲ್ಲಿ ಪುಣೆಗೆ ಬಂದೆ, ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ, ಈಗ ನಿವೃತ್ತ. ಕೋಥ್ರೂಡ್ ಮನೆಯಲ್ಲಿ ಬಾಲ್ಕನಿ ಪಕ್ಕದ ಮೇಜು ನನ್ನದು. ಉಳಿದ ಮನೆ ನನ್ನಾಕೆಯದು.

ಕಾಕಾ, ನಮಸ್ಕಾರ. ನನ್ನ ಮಗ ಇಂಜಿನಿಯರಿಂಗ್ ಎರಡನೇ ವರ್ಷ. ಟ್ಯೂಷನ್ ಹೇಳಿ ದುಡಿದ ದುಡ್ಡನ್ನೆಲ್ಲ ಬೂದು ಬಣ್ಣದ ಪ್ಲಾಸ್ಟಿಕ್ ಸೈನಿಕರಿಗೆ ಸುರಿಯುತ್ತಾನೆ. ಒಂದು ಪೆಟ್ಟಿಗೆಗೆ ನಾಲ್ಕು ಸಾವಿರ ಕೊಟ್ಟನಂತೆ! ಅಂಥ ಹನ್ನೊಂದು ಪೆಟ್ಟಿಗೆ ಅಟ್ಟದ ಮೇಲಿವೆ. ಬಣ್ಣ ಕಂಡಿದ್ದು ಮೂರೇ ಮೂರು ಗೊಂಬೆ. ಇದು ಆಟವೋ, ಹುಚ್ಚೋ? (ಒಬ್ಬ ತಾಯಿ, ಡೊಂಬಿವಲಿ)

ಎರಡೂ, ತಂಗಿ. ಆದರೆ ಹಳೇ ಹುಚ್ಚು. 1824ರಲ್ಲೇ ಹಳೇ ಜರ್ಮನ್ ರಾಜ್ಯ ಪ್ರಶ್ಯಾದ ಸೈನ್ಯದಲ್ಲಿ ಅಧಿಕಾರಿಗಳು ನಕ್ಷೆ ಹಾಸಿ, ದಾಳ ಉರುಳಿಸಿ ಯುದ್ಧದ ಆಟ ಆಡುತ್ತಿದ್ದರು. ಆಮೇಲೆ ಅದು ಮನೆಗಳಿಗೂ ಬಂತು. ಇಂಗ್ಲೆಂಡಿನ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ಲೋಹದ ಸೈನಿಕರನ್ನು ನೆಲದ ಮೇಲೆ ನಿಲ್ಲಿಸಿ ಆಡುವುದಕ್ಕೆ ನಿಯಮಗಳನ್ನೇ ಬರೆದು ಅಚ್ಚು ಹಾಕಿಸಿದ. ನಿಮ್ಮ ಮಗನ ಪೆಟ್ಟಿಗೆಯ ಮೇಲೆ ‘ವಾರ್‌ಹ್ಯಾಮರ್’ ಅಂತ ಇದ್ದರೆ, ಅದು 1983ರಲ್ಲಿ ಶುರುವಾದದ್ದು. ರಾಕ್ಷಸರು, ಕುಳ್ಳರು, ಮಾಂತ್ರಿಕರು ಅದರಲ್ಲಿದ್ದರು. ಅದರ ಬಾಹ್ಯಾಕಾಶದ ಅವತಾರ 1987ರಲ್ಲಿ ಬಂತು. ಮಾಡುವ ಕಂಪನಿ ಗೇಮ್ಸ್ ವರ್ಕ್‌ಶಾಪ್, ಇರುವುದು ನಾಟಿಂಗ್‌ಹ್ಯಾಮ್‌ನಲ್ಲಿ. ಆಟ ಅಂದರೆ ಇಷ್ಟೇ: ಊಟದ ಮೇಜಿನಷ್ಟು ರಣರಂಗ, ಅದರ ಮೇಲೆ ಗುಡ್ಡ, ಮುರುಕು ಗೋಡೆ. ಸೈನಿಕ ಎಷ್ಟು ಇಂಚು ನಡೆಯಬಹುದು ಅಂತ ಟೇಪಿನಲ್ಲಿ ಅಳೆಯುವುದು. ಹೊಡೆತ ಬಿತ್ತೋ ಇಲ್ಲವೋ ಅಂತ ದಾಳ ಹೇಳುತ್ತದೆ.

ಒಂದೊಂದು ಗೊಂಬೆಯೂ ಹೆಚ್ಚುಕಡಿಮೆ 28 ಮಿಲಿಮೀಟರ್. ಅದರಲ್ಲೇ ಬೆಲ್ಟಿನ ಬಕಲ್ಲು, ಬೂಟಿನ ಲಾಡಿ ಎಲ್ಲ ಕೆತ್ತಿರುತ್ತಾರೆ. ಆಡುವವರಿಗಿಂತ ಬರೀ ಬಣ್ಣ ಹಚ್ಚುವವರೇ ಜಾಸ್ತಿ ಏನೋ ಅಂತ ನನಗೆ ಅನುಮಾನ. ನಾನಂತೂ ದಾಳ ಮುಟ್ಟಿ ವರ್ಷಗಳಾದವು.

ಅಟ್ಟದ ರಾಶಿಯ ಮಾತು. ಈ ಹುಚ್ಚಿನ ಮಂದಿಯೇ ಅದಕ್ಕೆ ‘ಪೈಲ್ ಆಫ್ ಶೇಮ್’ ಅಂತ ಹೆಸರಿಟ್ಟಿದ್ದಾರೆ, ನಾಚಿಕೆಯ ರಾಶಿ. ನನ್ನ ಹತ್ತಿರವೂ ಇದೆ. 1994ರಲ್ಲಿ ಕಂಪನಿ ಕೆಲಸಕ್ಕೆ ಮೂರು ತಿಂಗಳು ಇಂಗ್ಲೆಂಡಿಗೆ ಹೋದಾಗ ಲೋಹದ ಹನ್ನೆರಡು ಕುಳ್ಳರನ್ನು ತಂದಿದ್ದೆ. ಏಳು ಜನ ಇವತ್ತಿಗೂ ಬರೀಮೈಯಲ್ಲಿ ನಿಂತಿದ್ದಾರೆ. ಹಾಗಾಗಿ ನಿಮ್ಮ ಮಗನಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಒಂದು ಉಪಾಯ ಹೇಳಬಲ್ಲೆ. ಬೈಯಬೇಡಿ. ಆ ಮೂರು ಗೊಂಬೆಗಳನ್ನು ಹಾಲ್‌ನ ಶೋಕೇಸಿನಲ್ಲಿ, ಬಂದವರ ಕಣ್ಣಿಗೆ ಬೀಳುವಂತೆ ಇಡಿ. ಬಂದವರು ‘ಯಾರು ಮಾಡಿದ್ದು?’ ಅಂತ ಕೇಳಲಿ. ನಾಲ್ಕನೆಯದು ತಾನಾಗಿ ಅಟ್ಟದಿಂದ ಇಳಿಯುತ್ತದೆ.

ಜುಲೈನಲ್ಲಿ ಟೆರೇಸ್ ಮೇಲೆ ಇಪ್ಪತ್ತು ಸೈನಿಕರಿಗೆ ಸ್ಪ್ರೇ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳದ ಕೋಟು) ಹೊಡೆದೆ. ಮೈಯೆಲ್ಲ ರವೆ ಹಚ್ಚಿದ ಹಾಗೆ ತರಿತರಿ. ವಾರ್ನಿಷ್ ಹೊಡೆದ ಇನ್ನೈದು ಜನ ಬೂದಿ ಬಳಿದುಕೊಂಡ ಸಾಧುಗಳಂತೆ ಕಾಣುತ್ತಿದ್ದಾರೆ. ಎಲ್ಲ ಎಸೆಯಬೇಕಾ? (ಸಿಂಹಗಡ ರಸ್ತೆ, ಪುಣೆ)

ಎಸೆಯಬೇಡಿ! ನಿಮಗಾಗಿರುವುದು ಎರಡು ಬೇರೆ ಬೇರೆ ರೋಗ.

ತರಿತರಿ ಆಗುವುದು ಸಾಮಾನ್ಯವಾಗಿ ಡಬ್ಬಿಯನ್ನು ದೂರ ಹಿಡಿದಾಗ. ಬಣ್ಣದ ಹನಿ ಗೊಂಬೆ ಮುಟ್ಟುವ ಮೊದಲೇ ಗಾಳಿಯಲ್ಲಿ ಅರ್ಧ ಒಣಗಿ, ಪುಡಿಯಾಗಿ ಬಂದು ಕೂರುತ್ತದೆ. ಟೆರೇಸಿನ ಗಾಳಿ ಅದಕ್ಕೆ ಇನ್ನಷ್ಟು ಸಹಾಯ ಮಾಡುತ್ತದೆ. 20ರಿಂದ 30 ಸೆಂಟಿಮೀಟರ್ ದೂರ ಸಾಕು. ಒತ್ತಿ ಹಿಡಿಯಬಾರದು, ಚುಸ್ ಚುಸ್ ಅಂತ ಗೊಂಬೆಯ ಆಚೆಯಿಂದ ಶುರುಮಾಡಿ ಈಚೆ ದಾಟಿಸಿ ಬಿಡಬೇಕು.

ಬೂದಿ ಬಳಿದ ರೋಗ ಮಳೆಗಾಲದ್ದು. ಸ್ಪ್ರೇಯೊಳಗಿನ ದ್ರಾವಕ ಭರ್ರನೆ ಆರುವಾಗ ಗೊಂಬೆಯ ಮೈ ತಣ್ಣಗಾಗುತ್ತದೆ. ತಣ್ಣಗಾದ ಮೈ ಮೇಲೆ ಗಾಳಿಯ ತೇವ ಕೂರುತ್ತದೆ, ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುತ್ತಲ್ಲ, ಹಾಗೆ. ಆ ತೇವ ವಾರ್ನಿಷಿನಲ್ಲಿ ಸಿಕ್ಕಿಬಿದ್ದು ಬೆಳ್ಳಗೆ ಕಾಣುತ್ತದೆ. ಆ ಐವರಿಗೆ ಬ್ರಷ್‌ನಿಂದ ಹೊಳಪಿನ ವಾರ್ನಿಷ್ ಒಂದು ಕೈ ತೆಳ್ಳಗೆ ಹಚ್ಚಿ ನೋಡಿ. ಎಷ್ಟೋ ಸಲ ಕೆಳಗಿನ ಬಣ್ಣ ಮತ್ತೆ ಎದ್ದು ಬರುತ್ತದೆ. ಹೊಳಪು ಬೇಡ ಅನಿಸಿದರೆ ಒಣ ಹವೆ ಬಂದ ಮೇಲೆ ಮ್ಯಾಟ್ ಹೊಡೆಯಿರಿ.

ತರಿ ಎದ್ದ ಇಪ್ಪತ್ತು ಜನರಿಗೆ ಮಾತ್ರ ಅಭ್ಯಂಜನವೇ ಗತಿ, ಅಂದರೆ ಹಚ್ಚಿದ್ದನ್ನೆಲ್ಲ ತೊಳೆದು ತೆಗೆಯುವುದು. ಇಲ್ಲಿ ನನ್ನ ಕಥೆ ಹೇಳಲೇಬೇಕು. ಇದೇ ತರಹ ಹಾಳಾದ ಆರು ಪ್ಲಾಸ್ಟಿಕ್ ಕುದುರೆ ಸವಾರರನ್ನು ನಾನು ಒಂದು ಸಂಜೆ ನನ್ನಾಕೆಯ ನೇಲ್ ಪಾಲಿಷ್ ತೆಗೆಯುವ ದ್ರವದಲ್ಲಿ ಮುಳುಗಿಸಿಟ್ಟೆ. ಬಣ್ಣ ಬಿಡುತ್ತೆ ಅಂತ ಎಲ್ಲೋ ಕೇಳಿದ್ದೆ. ಚಹಾ ಕುಡಿದು ಬಂದು ನೋಡಿದರೆ ಬಟ್ಟಲಲ್ಲಿ ಸವಾರರಿಲ್ಲ, ಬೂದು ಬಣ್ಣದ ಹಲ್ವಾ ಇದೆ. ನಡುವೆ ಒಂದು ಕುದುರೆಯ ಕಿವಿ. ಅದರಲ್ಲಿ ಅಸಿಟೋನ್ ಇತ್ತು. ಅದು ಲೋಹಕ್ಕೆ ಏನೂ ಮಾಡದು, ಈ ಗೊಂಬೆಗಳ ಪ್ಲಾಸ್ಟಿಕ್ಕನ್ನು ಕರಗಿಸಿಬಿಡುತ್ತದೆ. ನನ್ನಾಕೆ ಬಂದು ಬಟ್ಟಲು ನೋಡಿ, “ಇದು ನನ್ನ ಚಟ್ನಿ ಬಟ್ಟಲು ಅಲ್ಲೇನ್ರೀ?” ಅಂದಳು. ಸವಾರರ ಬಗ್ಗೆ ಒಂದು ಮಾತೂ ಇಲ್ಲ.

ಈಗ ನಾನು ಬಳಸುವುದು ಐಸೊಪ್ರೊಪೈಲ್ ಆಲ್ಕೊಹಾಲ್. ಕೈಗವಸು ಹಾಕಿ, ಕಿಟಕಿ ತೆರೆದು, ಒಲೆಯಿಂದ ದೂರ. ಬ್ರಿಟಿಷ್ ಹವ್ಯಾಸಿಗಳು ಹೇಳಿಕೊಟ್ಟ ಇನ್ನೊಂದು ಮದ್ದು, ನಗಬೇಡಿ, ಡೆಟಾಲ್. ಕಂದು ಬಣ್ಣದ ಅದೇ ಮಾಮೂಲಿ ಡೆಟಾಲ್, ನೀರು ಬೆರೆಸದೆ. ಒಂದು ರಾತ್ರಿ ನೆನೆಸಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದರೆ ಸಿಪ್ಪೆ ಸುಲಿದಂತೆ ಬರುತ್ತದೆ. ಆದರೆ ನೇರವಾಗಿ ನೀರಿಗೆ ಹಿಡಿದಿರೋ ಕೆಟ್ಟಿರಿ. ಬಿಟ್ಟ ಬಣ್ಣವೆಲ್ಲ ಅಂಟುಅಂಟಾಗಿ ಮತ್ತೆ ಮೆತ್ತಿಕೊಳ್ಳುತ್ತದೆ. ಮೊದಲು ಇನ್ನೊಂದಿಷ್ಟು ಡೆಟಾಲಿನಲ್ಲೇ ತೊಳೆದು, ಆಮೇಲೆ ಪಾತ್ರೆ ಸೋಪು, ಆಮೇಲೆ ನೀರು. ಮನೆ ಎರಡು ದಿನ ಆಸ್ಪತ್ರೆಯಂತೆ ನಾರುತ್ತದೆ, ಹೇಳಿಬಿಟ್ಟಿದ್ದೇನೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಸ್ಪ್ರೇ ಡಬ್ಬಿ ಮುಟ್ಟುವುದೇ ಇಲ್ಲ. ಬ್ರಷ್‌ನಿಂದ ಹಚ್ಚುವ ಪ್ರೈಮರ್ ಸಿಗುತ್ತದೆ. ನಿಧಾನ, ಆದರೆ ಮಳೆಗೆ ಹೆದರದು.

ವಿದೇಶಿ ಬಣ್ಣದ ಪುಟ್ಟ ಬಾಟಲಿಗೆ ಮುನ್ನೂರು ಚಿಲ್ಲರೆ. ಅಂಗಡಿಯ ಕ್ಯಾಮಲ್ ಅಕ್ರಿಲಿಕ್ ಸಾಕಾಗಲ್ವಾ? ಬ್ರಷ್ ಯಾವುದು? ಅತಿ ಸಣ್ಣದು ತಗೊಳ್ಳಬೇಕಾ? (ಬ್ಯಾಂಕ್ ಉದ್ಯೋಗಿ, ಮಾಟುಂಗಾ, ಮುಂಬೈ)

ಮುಕ್ಕಾಲು ಪಾಲು ಸಾಕು. ಮಣ್ಣು, ಕಲ್ಲು, ಮರ, ಚರ್ಮದ ಪಟ್ಟಿ, ಕುದುರೆ, ಇವಕ್ಕೆಲ್ಲ ನಾನು ಪುಣೆಯ ಅಪ್ಪಾ ಬಳವಂತ ಚೌಕದಿಂದ ತಂದ ಟ್ಯೂಬುಗಳನ್ನೇ ಬಳಸುತ್ತೇನೆ. ಸೋಲುವುದು ಬಿಳಿ, ಹಳದಿ ಮತ್ತು ಮುಖದ ಬಣ್ಣದಲ್ಲಿ. ಕ್ಯಾನ್ವಾಸಿಗೆ ಅಂತ ಮಾಡಿದ ಬಣ್ಣ ದಪ್ಪ. ಒಂದಿಂಚಿನ ಮುಖಕ್ಕೆ ಅದನ್ನು ಹಾಗೇ ಹಚ್ಚಿದರೆ ಮೂಗೂ ಬಾಯಿಯೂ ಒಂದಾಗುತ್ತವೆ. ಹಾಗಾಗಿ ಕಪ್ಪು, ಬಿಳಿ, ಮೈಬಣ್ಣ, ಒಂದು ಲೋಹದ ಬಣ್ಣ, ಇಷ್ಟನ್ನು ಮಾತ್ರ ಮಿನಿಯೇಚರ್‌ಗೆಂದೇ ಮಾಡಿದ್ದು ತಗೊಳ್ಳಿ. ಸ್ಪೇನಿನ ವಾಯೆಹೊ ಕಂಪನಿಯದು ನನಗೆ ಇಷ್ಟ. ಹನಿ ಹನಿಯಾಗಿ ಬೀಳುವ ಬಾಟಲಿ, ಹಾಳಾಗುವುದು ಕಮ್ಮಿ.

ಯಾವ ಬಣ್ಣವಾದರೂ ನೀರು ಬೆರೆಸಿ. ಕೆನೆ ತೆಗೆದ ಹಾಲಿನ ಹದಕ್ಕೆ ಬರಲಿ. ಮೊದಲ ಕೈ ಹಚ್ಚಿದಾಗ ತೇಪೆತೇಪೆಯಾಗಿ ಕಾಣುತ್ತದೆ, ಕೈ ಕೈ ಹಿಸುಕಿಕೊಳ್ಳುವ ಹಾಗಾಗುತ್ತದೆ. ತಡೆದುಕೊಳ್ಳಿ. ಪೂರ್ತಿ ಒಣಗಿದ ಮೇಲೆ ಎರಡನೇ ಕೈ. ಇಷ್ಟು ಮಾಡಿದರೆ ಅರ್ಧ ವಿದ್ಯೆ ಬಂದಂತೆ. ಉಳಿದರ್ಧದಲ್ಲಿ ಮುಖ್ಯವಾದದ್ದು ವಾಶ್. ಕಂದು ಬಣ್ಣವನ್ನು ಚಹಾ ಡಿಕಾಕ್ಷನ್‌ನಷ್ಟು ತೆಳು ಮಾಡಿ ಮೈಮೇಲೆ ಬಿಟ್ಟರೆ, ತಾನೇ ಹರಿದು ಬಟ್ಟೆಯ ಮಡಿಕೆಗಳಲ್ಲಿ ನಿಂತು ನೆರಳಾಗುತ್ತದೆ.

ಮುಂಬೈ ಸೆಕೆಗೆ ಎಲ್ಲರೂ ಫ್ಯಾನ್ ಹಾಕಿಕೊಂಡೇ ಕೂರುತ್ತಾರೆ, ತಟ್ಟೆಯ ಬಣ್ಣ ಐದು ನಿಮಿಷಕ್ಕೆ ಚಕ್ಕೆ. ಅದಕ್ಕೊಂದು ಚಪಾತಿ ಡಬ್ಬಿ ತಗೊಳ್ಳಿ. ತಳಕ್ಕೆ ತೆಳು ಸ್ಪಂಜು ಹಾಸಿ ನೀರು ಕುಡಿಸಿ, ಮೇಲೆ ಬೇಕಿಂಗ್ ಪೇಪರ್ ಹಾಸಿ. ಮೇಣ ಸವರಿದ ಕಾಗದ ಆಗದು, ನೀರು ಮೇಲೇರುವುದಿಲ್ಲ. ಆ ಕಾಗದದ ಮೇಲೆ ಬಣ್ಣ ಕಲಸಿ. ಮುಚ್ಚಳ ಹಾಕಿಟ್ಟರೆ ಮಾರನೇ ದಿನವೂ ಹಸಿಯಾಗಿರುತ್ತದೆ. ಡಬ್ಬಿ ಮಾತ್ರ ಅಡುಗೆಮನೆಗೆ ಹೇಳದೆ ಎತ್ತಬೇಡಿ. ಚಟ್ನಿ ಬಟ್ಟಲಿನ ಕಥೆ ಹೇಳಿದೆನಲ್ಲ.

ಬ್ರಷ್ ಅತಿ ಸಣ್ಣದು ಬೇಡ. ಅದರ ಹೊಟ್ಟೆಯಲ್ಲಿ ನಿಲ್ಲುವುದು ಅರ್ಧ ಹನಿ, ಗೊಂಬೆ ಮುಟ್ಟುವಷ್ಟರಲ್ಲಿ ಅದೂ ಆರಿರುತ್ತದೆ. 1 ಅಥವಾ 2ನೇ ನಂಬರಿನ ದುಂಡು ಬ್ರಷ್, ತುದಿ ಸೂಜಿಯಂತೆ ಕೂಡಬೇಕು. ಅಂಗಡಿಯಲ್ಲೇ ನೀರಿಗೆ ಅದ್ದಿ ನೋಡಿ ತಗೊಳ್ಳಿ, ಅಂಗಡಿಯವನು ಮುಖ ಗಂಟಿಕ್ಕಿದರೂ ಸರಿ. ಬಣ್ಣ ಲೋಹದ ಕೊಳವೆಯವರೆಗೆ ಏರಿದರೆ ಕೂದಲು ಕವಲೊಡೆಯುತ್ತದೆ. ಸೇಬಲ್ ಅನ್ನುವ ಪ್ರಾಣಿ ಕೂದಲಿನದು ತಗೊಂಡರೆ ನುಸಿ ತಿನ್ನದಂತೆ ನುಸಿಗುಳಿಗೆ ಇಡಿ. ಲೋಹದ ಬಣ್ಣಕ್ಕೆ ನೀರಿನ ಲೋಟ ಬೇರೆಯೇ ಇರಲಿ. ಇಲ್ಲದಿದ್ದರೆ ನಿಮ್ಮ ಭಿಕ್ಷುಕನ ಕಂಬಳಿಯಲ್ಲೂ ಬೆಳ್ಳಿ ಮಿಂಚುತ್ತದೆ.

ನಮ್ಮಜ್ಜ ಹಾವೇರಿಯಿಂದ ಬಂದು ಮರ್ಮಗೋವಾ ಬಂದರಿನಲ್ಲಿ ಕೆಲಸಕ್ಕಿದ್ದರು. ಅವರ ಟ್ರಂಕಿನಲ್ಲಿ ಕೆಂಪು ಕೋಟಿನ ಒಂಬತ್ತು ಸೀಸದ ಸೈನಿಕರು ಸಿಕ್ಕಿದ್ದಾರೆ. ಬಣ್ಣ ಉದುರಿದೆ, ಒಬ್ಬನಿಗೆ ಕೈಯಿಲ್ಲ. ಹೊಸ ಬಣ್ಣ ಹಚ್ಚಲಾ? (ವಾಸ್ಕೊ, ಗೋವಾ)

ಬೇಡ, ಬೇಡ, ಬೇಡ. ಬ್ರಷ್ ಕೆಳಗಿಡಿ.

ಮೊದಲು ಗೊಂಬೆಯನ್ನು ಬೋರಲು ಮಾಡಿ ಪಾದದ ಕೆಳಗೆ ಏನಾದರೂ ಅಕ್ಷರ ಇದೆಯಾ ನೋಡಿ. ‘ಬ್ರಿಟನ್ಸ್’ ಅಂತಲೋ, ‘ಮೇಡ್ ಇನ್ ಇಂಗ್ಲೆಂಡ್’ ಅಂತಲೋ ಇರಬಹುದು. ವಿಲಿಯಂ ಬ್ರಿಟನ್ ಕಂಪನಿ 1893ರಲ್ಲಿ ಸೈನಿಕರನ್ನು ಒಳಗೆ ಟೊಳ್ಳಾಗಿ ಎರಕ ಹೊಯ್ಯುವ ದಾರಿ ಕಂಡುಕೊಂಡಿತು. ಸೀಸ ಕಮ್ಮಿ ಸಾಕು, ಬೆಲೆಯೂ ಇಳಿಯಿತು, ಜರ್ಮನಿಯ ಗಟ್ಟಿ ಗೊಂಬೆಗಳು ಹಿಂದೆ ಬಿದ್ದವು. 1966ರ ಹೊತ್ತಿಗೆ ಆ ಕಂಪನಿಯಲ್ಲಿ ಸೀಸದ ಸೈನಿಕರ ತಯಾರಿಯೇ ನಿಂತುಹೋಯಿತು. ಸಂಗ್ರಹಿಸುವವರು ಇಂಥವುಗಳಲ್ಲಿ ಬೆಲೆ ಕಟ್ಟುವುದು ಮೂಲ ಬಣ್ಣಕ್ಕೆ, ಉದುರಿದ್ದರೂ ಸರಿ. ಹೊಸ ಬಣ್ಣ ಹಚ್ಚಿದ ಹಳೇ ಗೊಂಬೆ ಅವರ ಪಾಲಿಗೆ ಸುಣ್ಣ ಬಳಿದ ಹಳೇ ದೇವಸ್ಥಾನ. ಕೈಯಿಲ್ಲದವನೂ ಹಾಗೇ ಇರಲಿ.

ಸೀಸ ವಿಷ ಅನ್ನುವುದು ನೆನಪಿರಲಿ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಉಜ್ಜಿ ಪುಡಿ ಎಬ್ಬಿಸಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಮೈಮೇಲೆ ಬೆಳ್ಳನೆ ಪುಡಿ ಏಳುತ್ತಿದ್ದರೆ ಟ್ರಂಕಿನಲ್ಲೋ ಮರದ ಕಪಾಟಿನಲ್ಲೋ ಮುಚ್ಚಿಡುವುದನ್ನು ನಿಲ್ಲಿಸಿ. ಓಕ್, ಪ್ಲೈವುಡ್‌ನಂಥ ಮರದಿಂದ ಹೊರಡುವ ಹುಳಿ ಆವಿ ಸೀಸವನ್ನು ತಿನ್ನುತ್ತದೆ, ಗೋವಾದ ತೇವ ಅದಕ್ಕೆ ಜೊತೆ. ಗಾಜಿನ ಕಪಾಟು, ಒಂದಿಷ್ಟು ಗಾಳಿ, ಮೂಲೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ. ಜೊತೆಗೆ ಅಜ್ಜನ ಹೆಸರು, ಟ್ರಂಕಿನ ಕಥೆ ಬರೆದ ಒಂದು ಚೀಟಿ ಇಡಿ. ಈ ಚೀಟಿ ನನ್ನ ಸಲಹೆ ಅಲ್ಲ, ನನ್ನ ಆಸೆ.

ರೆಸಿನ್ ಅನ್ನುವ ದ್ರವದಿಂದ ಮನೆಯಲ್ಲೇ ಗೊಂಬೆ ಮಾಡುವ 3ಡಿ ಪ್ರಿಂಟರ್ ತಗೊಂಡಿದ್ದೇನೆ. ಇನ್ನು ಗೊಂಬೆ ಕೊಳ್ಳುವ ಗೋಜೇ ಇಲ್ಲ ಅಲ್ವಾ? (ಹಿಂಜವಡಿ)

ಕೊಳ್ಳುವ ಗೋಜಿಲ್ಲ, ಬಣ್ಣ ಹಚ್ಚುವ ಗೋಜು ಹತ್ತು ಪಟ್ಟು. ಹಸಿ ರೆಸಿನ್ ಕೈಗೆ ತಾಗಬಾರದು, ಅದನ್ನೂ ಅದು ತೊಳೆದ ಆಲ್ಕೊಹಾಲನ್ನೂ ಸಿಂಕಿಗೆ ಸುರಿಯಬಾರದು. ಬೆಡ್‌ರೂಮಿನಲ್ಲಿ ಯಂತ್ರ ಇಡಬೇಡಿ. ತೊಳೆದು, ಯುವಿ ಬೆಳಕಿನಲ್ಲಿ ಪೂರ್ತಿ ಗಟ್ಟಿ ಮಾಡಿದ ಮೇಲೆಯೇ ಪ್ರೈಮರ್. ಮೇಲಿನ ಡೊಂಬಿವಲಿ ತಾಯಿಯ ಪತ್ರವನ್ನು ಇನ್ನೊಮ್ಮೆ ಓದಿ.

ಅಜ್ಜಾ, ನಾನು ಆರನೇ ಕ್ಲಾಸ್. ದೀಪಾವಳಿಗೆ ನಮ್ಮ ಸೊಸೈಟಿಯಲ್ಲಿ ಮಣ್ಣಿನ ಕಿಲ್ಲಾ ಕಟ್ತೀವಿ. ಕುಂಬಾರವಾಡೆಯಿಂದ ತಂದ ಮಾವಳೆ (ಶಿವಾಜಿ ಮಹಾರಾಜರ) ಸೈನಿಕರ ಕಣ್ಣು ಒಂದು ಕಡೆ, ಮೀಸೆ ಒಂದು ಕಡೆ ಇರುತ್ತೆ. ನಾನೇ ಸರಿ ಮಾಡಬಹುದಾ? (ಚಿಂಚವಾಡ)

ಮಾಡು ಪುಟ್ಟಾ! ನಾನು ಪುಣೆಗೆ ಬಂದ ವರ್ಷ ಒಂದು ಹಳೇ ವಾಡೆಯ ಅಂಗಳದಲ್ಲಿ ಮಕ್ಕಳು ಕಟ್ಟಿದ ಕಿಲ್ಲಾ ನೋಡಿಯೇ ನನಗೆ ಈ ಹುಚ್ಚು ಹಿಡಿದದ್ದು. ತುದಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ ಮಹಾರಾಜರು, ಕೆಳಗೆ ಮೆಟ್ಟಿಲು ಮೆಟ್ಟಿಲಿಗೂ ಮಾವಳೆಗಳು. ನಮ್ಮೂರಲ್ಲಿ ದಸರಾ ಗೊಂಬೆ ಗೊತ್ತಿತ್ತು, ಗೊಂಬೆಗೆ ಕೋಟೆ ಕಟ್ಟಿಕೊಡುವುದು ಗೊತ್ತಿರಲಿಲ್ಲ.

ಹಳೇ ಬಣ್ಣ ಕೀಳಬೇಡ. ಧೂಳು ಒರೆಸಿ, ಮುಖಕ್ಕೆ ಮಾತ್ರ ತೆಳ್ಳಗೆ ಮೈಬಣ್ಣ ಹಚ್ಚಿ ಒಣಗಿಸು. ಗೊಂಬೆಯನ್ನು ಒಂದು ಬಾಟಲಿ ಮುಚ್ಚಳದ ಮೇಲೆ ಅಂಟಿಸಿಕೊ, ಮುಚ್ಚಳ ಹಿಡಿದು ಕೆಲಸ ಮಾಡು. ಎರಡೂ ಮೊಣಕೈ ಮೇಜಿನ ಮೇಲೆ, ಎರಡೂ ಮಣಿಕಟ್ಟು ಒಂದಕ್ಕೊಂದು ತಾಗಿರಲಿ, ಆಗ ಕೈ ನಡುಗದು. ಕಣ್ಣಿರುವಲ್ಲಿ ಮೊದಲು ಕಡು ಕಂದು ಗೆರೆ. ಅದರೊಳಗೆ ಸ್ವಲ್ಪ ಸಣ್ಣ ಬಿಳಿ ಗೆರೆ. ಪಾಪೆಗೆ ಚುಕ್ಕೆ ಇಡಬೇಡ, ಭೂತ ಕಂಡವನ ಹಾಗೆ ಕಾಣುತ್ತಾನೆ. ಮೇಲಿನ ರೆಪ್ಪೆಯಿಂದ ಕೆಳಗಿನ ರೆಪ್ಪೆವರೆಗೆ ಒಂದು ಪುಟ್ಟ ನಿಂತ ಗೆರೆ ಎಳೆ. ಹೊರಗೆ ಚೆಲ್ಲಿದ್ದನ್ನು ಮೈಬಣ್ಣದಿಂದ ಮುಚ್ಚು. ಮೊದಲ ಐದು ಜನ ಮಾಲುಗಣ್ಣರಾಗುತ್ತಾರೆ, ಅವರನ್ನು ಕಿಲ್ಲಾದ ಹಿಂಬದಿ ಕಾವಲಿಗೆ ಹಾಕು.

ಕೊನೆಗೆ ವಾರ್ನಿಷ್ ಹಚ್ಚುವುದು ಮರೆಯಬೇಡ. ಆದರೂ, ಹುಲ್ಲಿಗೆ ಅಂತ ಬಿತ್ತಿದ ಸಾಸಿವೆಗೆ ನೀರು ಚಿಮುಕಿಸುವಾಗ ಮಾವಳೆಗಳನ್ನೆಲ್ಲ ಎತ್ತಿ ಪಕ್ಕಕ್ಕಿಡು. ಮಹಾರಾಜರನ್ನೂ.