ಸೋಲಾರ್ ಮೊದಲಾ, ಮಾಳಿಗೆ ಮೊದಲಾ?

ಪ್ರಶ್ನೆ: 30x40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಗೋಡೆಗೆ ಇಟ್ಟಿಗೆಯಾ, ಎಎಸಿ (ಒಳಗೆ ಗಾಳಿಗುಳ್ಳೆ ಇರುವ ಹಗುರ ಸಿಮೆಂಟ್) ಬ್ಲಾಕಾ, ಮಣ್ಣಿನ ಬ್ಲಾಕಾ ಅಂತ ಮನೆಯಲ್ಲಿ ದಿನಾ ವಾದ. ಸೋಲಾರ್ ಪ್ಯಾನೆಲ್, ಸೋಲಾರ್ ವಾಟರ್ ಹೀಟರ್ ಎರಡಕ್ಕೂ ದುಡ್ಡು ಸಾಲುವುದಿಲ್ಲ. ಯಾವುದನ್ನು ಬಿಡೋಣ?
- ಓದುಗರು, ವಿಜಯಪುರ

ಉತ್ತರ: ನೀವು ಗೋಡೆಗಾಗಿ ವಾದ ಮಾಡುತ್ತಿದ್ದೀರಿ, ಆದರೆ ನಿಮ್ಮೂರಿನ ಮೇ ತಿಂಗಳ ಬಿಸಿಲು ಜಾಸ್ತಿ ಬೀಳುವುದು ತಲೆ ಮೇಲೆ. ಬರೀ ಆರ್‌ಸಿಸಿ ಸ್ಲ್ಯಾಬ್ ಹಾಕಿ ಬಿಟ್ಟರೆ ಅದು ಹಗಲೆಲ್ಲ ಕಾಯುತ್ತದೆ, ರಾತ್ರಿ ನೀವು ಮಲಗಿದ ಮೇಲೆ ಆ ಕಾವನ್ನು ನಿಧಾನಕ್ಕೆ ಒಳಗೆ ಬಿಡುತ್ತದೆ. ಫ್ಯಾನ್ ಹಾಕಿದರೂ ಬಿಸಿಗಾಳಿಯೇ ಬರುವುದು ಅದಕ್ಕೇ. ಹಳೇ ಮಾಳಿಗೆ ಮನೆಗಳಲ್ಲಿ ಜಂತಿ ಮೇಲೆ ದಪ್ಪಗೆ ಮಣ್ಣು ಹಾಕುತ್ತಿದ್ದರಲ್ಲ, ಮಟಮಟ ಮಧ್ಯಾಹ್ನದಲ್ಲೂ ಒಳಗೆ ತಣ್ಣಗಿರುತ್ತಿತ್ತು. ಈಗ ಮಣ್ಣು ಹೇರುವುದು ಬೇಡ. ವಾಟರ್‌ಪ್ರೂಫಿಂಗ್ ಮಾಡಿಸಿ ಅದರ ಮೇಲೆ ಬಿಳಿ ಟೈಲ್ಸ್ ಚೂರು ಕೂರಿಸಿ. ಅದಕ್ಕೂ ದುಡ್ಡಿಲ್ಲ ಅಂದರೆ ಪ್ರತಿ ವರ್ಷ ಶಿವರಾತ್ರಿ ಹೊತ್ತಿಗೆ ಸುಣ್ಣ ಹಚ್ಚಿಸಿ. ಧೂಳು ಕೂತರೆ ಮಾತ್ರ ಬಿಳುಪಿನ ಉಪಯೋಗ ಕಡಿಮೆಯಾಗುತ್ತದೆ, ಆಗಾಗ ತೊಳೆಯಬೇಕು.

ಗೋಡೆಗೆ ಎಎಸಿ ಒಳ್ಳೆಯದೇ. ಹಗುರ, ಇಟ್ಟಿಗೆಗಿಂತ ಕಡಿಮೆ ಶಾಖ ದಾಟಿಸುತ್ತದೆ. ಪಡುವಣ ಗೋಡೆಗಾದರೂ ಹಾಕಿಸಿ. ಆದರೆ ಅದು ನೀರು ಹೀರುತ್ತದೆ, ರೂಢಿಯಿಲ್ಲದ ಗೌಂಡಿ ಕೈಗೆ ಕೊಟ್ಟರೆ ಪ್ಲಾಸ್ಟರ್ ಬಿರುಕು ಬಿಡುತ್ತದೆ. ಮಣ್ಣಿನ ಬ್ಲಾಕ್ ಅಂದರೆ ನನಗೆ ಇಷ್ಟ, ಏನು ಮಾಡೋಣ, ನಿಮ್ಮ ಕಡೆಯ ಎರೆಮಣ್ಣಿಗೆ ಅದು ಹೊಂದುವುದಿಲ್ಲ. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಕೆಂಪು ಮಣ್ಣು ದೂರದಿಂದ ತರಿಸಿ, ಸಿಮೆಂಟ್ ಬೆರೆಸಿ, ಒತ್ತಿಸಿ, ನೀರುಣಿಸಿ ಗಟ್ಟಿ ಮಾಡಿಸಿ ಅನ್ನುವಷ್ಟರಲ್ಲಿ ಉಳಿತಾಯವೆಲ್ಲ ಲಾರಿ ಬಾಡಿಗೆಗೇ ಹೋಗಿರುತ್ತದೆ.

ಇನ್ನು ಪ್ಯಾನೆಲ್. ಈಗಿರುವ ಮನೆಯ ಹೆಸ್ಕಾಂ ಬಿಲ್ ತೆಗೆದು ನೋಡಿ. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿದ್ದರೆ ಪ್ಯಾನೆಲ್ ಹಾಕಿ ಉಳಿಸುವುದೇನು? ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ, ಅಂಥವರ ಲೆಕ್ಕ ಬೇರೆ. 1 ಕಿಲೋವ್ಯಾಟ್‌ಗೆ ಸುಮಾರು 100 ಚದರಡಿ ಜಾಗ ಬೇಕು, ದಿನಕ್ಕೆ ಸರಾಸರಿ 4 ಯೂನಿಟ್ ಸಿಗುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ಗೆ 60,000, 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ. ಅದಕ್ಕಿಂತ ದೊಡ್ಡದು ಹಾಕಿದರೂ ಅಷ್ಟೇ. ಮಾರಲು ಬಂದವರು ಒಂದು ಮಾತು ನುಂಗಿಬಿಡುತ್ತಾರೆ. ಬ್ಯಾಟರಿ ಇಲ್ಲದೆ ಕರೆಂಟ್ ಲೈನಿಗೇ ಜೋಡಿಸುವ ಆನ್‌ಗ್ರಿಡ್ ಸಿಸ್ಟಮ್, ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನ್ ರಿಪೇರಿ ಮಾಡುವವರಿಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ.

ನನ್ನನ್ನು ಕೇಳಿದರೆ ಮಾಳಿಗೆ ಮೊದಲು, ಆಮೇಲೆ ವಾಟರ್ ಹೀಟರ್, ಪ್ಯಾನೆಲ್ ಕೊನೆಗೆ. ಅದರ ವೈರಿಗೆ ಪೈಪ್ ಮಾತ್ರ ಈಗಲೇ ಹಾಕಿಸಿಡಿ, ಇಲ್ಲಾಂದ್ರೆ ನಾಳೆ ಹೊಸ ಗೋಡೆ ಒಡೆಯಬೇಕಾಗುತ್ತದೆ.

ಪ್ರಶ್ನೆ: ನಮ್ಮ ಬೋರ್ ನೀರು ಸವಳು. ಸೋಲಾರ್ ಹೀಟರ್‌ನಲ್ಲಿ ಗಾಜಿನ ಟ್ಯೂಬಿನದು ಒಳ್ಳೆಯದಾ, ತಾಮ್ರದ ಪ್ಲೇಟಿನದಾ?
- ಜಮಖಂಡಿ

ಉತ್ತರ: ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಚಕ್ಕೆ ಕಟ್ಟುತ್ತದಲ್ಲ, ಅದೇ ತಾಮ್ರದ ಸಣ್ಣ ಕೊಳವೆಯಲ್ಲೂ ಕಟ್ಟಿ ದಾರಿ ಮುಚ್ಚುತ್ತದೆ. ಗಾಜಿನ ಟ್ಯೂಬಿನಲ್ಲೂ ಕೂರುತ್ತದೆ, ಆದರೆ ಅದನ್ನು ಬಿಚ್ಚಿ ತೊಳೆದು ಮತ್ತೆ ಹಾಕಬಹುದು. ಬೆಲೆಯೂ ಕಡಿಮೆ. ಮಂಗಗಳ ಕಾಟ ಇದ್ದರೆ ಟ್ಯೂಬ್ ಒಡೆಯುತ್ತವೆ, ಆಗ ಪ್ಲೇಟಿನದೇ ವಾಸಿ, ಆದರೆ ಹೀಟ್ ಎಕ್ಸ್‌ಚೇಂಜರ್ (ಬೋರ್ ನೀರನ್ನು ತಾಮ್ರದ ಕೊಳವೆಗೆ ಬಿಡದೆ ಕಾಯಿಸುವ ವ್ಯವಸ್ಥೆ) ಇರುವುದನ್ನೇ ಕೇಳಿ ತಗೊಳ್ಳಿ. ಮಳೆಗಾಲದ ಮೋಡಕ್ಕೆ ಕರೆಂಟ್ ಗೀಸರ್ ಇರಲಿ. 2 ಕಿಲೋವ್ಯಾಟಿನದು ಒಂದು ತಾಸು ಉರಿದರೆ 2 ಯೂನಿಟ್, ಅದನ್ನು ದಿನಾ ಹಾಕುವ ಚಟ ಮಾತ್ರ ಬೇಡ.

ಪ್ರಶ್ನೆ: ಎರಡು ಎಮ್ಮೆ ಇವೆ. ಗೋಬರ್ ಗ್ಯಾಸ್ ಹಾಕಿಸಿದರೆ ಸಿಲಿಂಡರ್ ಬಿಡಬಹುದಾ?
- ಇಂಡಿ

ಉತ್ತರ: ಪೂರ್ತಿ ಬಿಡಲು ಆಗುವುದಿಲ್ಲ. ನಾಲ್ಕೈದು ಜನರ ಅಡುಗೆಗೆ 2 ಘನ ಮೀಟರ್ ಪ್ಲಾಂಟ್ ಬೇಕು, ಅದಕ್ಕೆ ದಿನಕ್ಕೆ 50 ಕಿಲೋ ಹಸಿ ಸಗಣಿ. ಎರಡೇ ಎಮ್ಮೆ ಅಂದರೆ ಹೆಚ್ಚುಕಡಿಮೆ ಅರ್ಧ, ಅದೂ ಕೊಟ್ಟಿಗೆಯಲ್ಲೇ ಕಟ್ಟಿದ್ದರೆ. ಮೇಯಲು ಬಿಡುತ್ತೀರಾದರೆ ಸಗಣಿ ಅಡವಿ ಪಾಲು. 1 ಘನ ಮೀಟರಿನದು ಹಾಕಿಸಿ, ಸಿಲಿಂಡರ್ ಇಟ್ಟುಕೊಳ್ಳಿ.